ಹಿತ್ತಲಿನ ಗಿಡಗಳ ಗುರುತಿಗೆ ಪ್ಲಾಂಟ್‌ನೆಟ್ ಮತ್ತು ಅದರ ಜೊತೆಯವು: ಒಂದು ಮಳೆಗಾಲದ ಬಳಕೆಯ ನಂತರ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ ಇರುವ ನಮ್ಮ ಸೋದರತ್ತೆಯ ಮನೆಯೂ ಅದರ ಹಿಂದಿನ ಹಿತ್ತಲೂ ಈಗ ನಮ್ಮ ಪಾಲಿಗೆ ಬಂದಿವೆ. ಮನೆಯ ಕಾಗದಪತ್ರಗಳನ್ನೆಲ್ಲ ಅತ್ತೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು, ಆದರೆ ಹಿತ್ತಲಿನಲ್ಲಿ ಏನೇನಿದೆ ಎಂಬುದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ತೆಂಗು, ಕರಿಬೇವು, ಸೀತಾಫಲ, ನುಗ್ಗೆ ಯಾರಿಗಾದರೂ ತಿಳಿಯುವಂಥವು. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ತುಳಸಿಕಟ್ಟೆಯ ಸುತ್ತ, ಬಚ್ಚಲ ನೀರು ಹರಿಯುವ ಜಾಗದಲ್ಲಿ, ಕಲ್ಲುಗೋಡೆಯ ಬುಡದಲ್ಲಿ ದಟ್ಟವಾಗಿ ಎದ್ದ ಹಸಿರಿನಲ್ಲಿ ಯಾವುದು ಅತ್ತೆ ಬೇಕೆಂದು ಬೆಳೆಸಿದ ಔಷಧಿ ಗಿಡ, ಯಾವುದು ಕಿತ್ತೆಸೆಯಬೇಕಾದ ಕಳೆ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ಗುದ್ದಲಿ ಹಾಕುವ ಮೊದಲು ಗುರುತು ಹಿಡಿಯೋಣವೆಂದು ಗಿಡ ಗುರುತಿಸುವ ಮೊಬೈಲ್ ಆ್ಯಪ್‌ಗಳನ್ನು ಬಳಸಲಾರಂಭಿಸಿದೆ. ಇಂಥದೇ ಹಿತ್ತಲು, ತೋಟ ಕೈಗೆ ಬಂದವರಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಆಯ್ಕೆ ಪ್ಲಾಂಟ್‌ನೆಟ್, ಈಗಲೂ ಅದೇ. ಫ್ರಾನ್ಸಿನ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಾದ ಸಿರಾಡ್, ಇನ್ರೇ, ಇನ್ರಿಯಾ ಮತ್ತು ಐಆರ್‌ಡಿಗಳು ಸೇರಿ ನಡೆಸುವ ಈ ಯೋಜನೆಯ ಮೊಬೈಲ್ ಆ್ಯಪ್ 2013ರಲ್ಲಿ ಬಂತು. ಬಳಸಲು ಚಂದಾ ಕಟ್ಟಬೇಕಿಲ್ಲ. ಚಿತ್ರ ಕೊಟ್ಟಾಗ ಅದು ಎಲೆಯೋ, ಹೂವೋ, ಕಾಯಿಯೋ, ತೊಗಟೆಯೋ ಎಂದು ಸೂಚಿಸಬೇಕು. ಒಂದೇ ಗಿಡದ ಬೇರೆ ಬೇರೆ ಭಾಗಗಳ ಚಿತ್ರಗಳನ್ನು ಒಟ್ಟಿಗೇ ಕೊಡಬಹುದು. ಉತ್ತರ ಒಂದೇ ಹೆಸರಾಗಿ ಬರುವುದಿಲ್ಲ. ಸಾಧ್ಯವಿರುವ ಜಾತಿಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಮುಂದೆ ಶೇಕಡಾವಾರು ಅಂಕ ಇರುತ್ತದೆ, ಹೆಸರನ್ನು ಒತ್ತಿದರೆ ಬೇರೆಯವರು ತೆಗೆದ ಆ ಗಿಡದ ಎಲೆ, ಹೂವು, ಕಾಯಿಗಳ ಚಿತ್ರಗಳು ಭಾಗವಾರು ತೆರೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಈ ಆ್ಯಪ್‌ನ ಬೆಲೆ ಇರುವುದು ಈ ಹೋಲಿಕೆಯ ಚಿತ್ರಗಳಲ್ಲಿಯೇ. ಮೊದಲ ಸ್ಥಾನದಲ್ಲಿರುವ ಹೆಸರನ್ನು ನೋಡಿ ಫೋನನ್ನು ಜೇಬಿಗೆ ಹಾಕಿಕೊಳ್ಳುವವರಿಗೆ ಇದರಿಂದ ಅರ್ಧ ಲಾಭವೂ ಸಿಗುವುದಿಲ್ಲ. ಇನ್ನೊಂದು ಮಾತು: ಯಾವ ಪ್ರದೇಶದ ಸಸ್ಯಗಳಲ್ಲಿ ಹುಡುಕಬೇಕು ಎಂಬುದನ್ನು ನಾವೇ ಆರಿಸಬಹುದಾದ್ದರಿಂದ, ಇಡೀ ಜಗತ್ತಿನ ಪಟ್ಟಿಯ ಬದಲು ಭಾರತ ಉಪಖಂಡದ ಪಟ್ಟಿಯನ್ನು ಆರಿಸಿಕೊಂಡರೆ ನಮ್ಮ ಕಡೆ ಕಂಡೇ ಇರದ ಯುರೋಪಿನ ಗಿಡಗಳ ಹೆಸರುಗಳು ಉತ್ತರದಲ್ಲಿ ನುಸುಳುವುದು ಕಡಿಮೆಯಾಗುತ್ತದೆ.

ಚಿತ್ರ ತೆಗೆಯುವ ಕ್ರಮವೇ ಇಲ್ಲಿ ಅರ್ಧ ಕೆಲಸ. ನೆಲನೆಲ್ಲಿಯನ್ನೇ ತೆಗೆದುಕೊಳ್ಳಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಹುಣಸೆ ಎಲೆಯಂಥ ಚಿಕ್ಕ ಎಲೆಗಳ ಸಾಲಾಗಿ ಮಾತ್ರ ಕಾಣುತ್ತದೆ, ಹಾಗೆ ಕಾಣುವ ಪುಟ್ಟ ಗಿಡಗಳು ಎಷ್ಟೋ ಇವೆ. ಕಡ್ಡಿಯನ್ನು ಮಗುಚಿ ಹಿಡಿದರೆ ಎಲೆಗಳ ಅಡಿಯಲ್ಲಿ ಸಾಲಾಗಿ ತೂಗುವ ಸಾಸಿವೆ ಗಾತ್ರದ ಕಾಯಿಗಳು ಕಾಣುತ್ತವೆ, ಗುರುತು ಅಲ್ಲಿದೆ. ಕಾಯಿಗೆ ಸಣ್ಣ ತೊಟ್ಟಿದ್ದು ಮೈ ನುಣುಪಾಗಿದ್ದರೆ ಅದು ಫಿಲಾಂಥಸ್ ಅಮರಸ್, ಅಂದರೆ ಕಾಮಾಲೆಗೆಂದು ನಮ್ಮ ಹಿರಿಯರು ಹುಡುಕಿಕೊಂಡು ಹೋಗುತ್ತಿದ್ದ ನೆಲನೆಲ್ಲಿ. ಕಾಯಿ ತೊಟ್ಟಿಲ್ಲದಂತೆ ಕಡ್ಡಿಗೇ ಅಂಟಿಕೊಂಡಿದ್ದು, ಮೈ ತರಿತರಿಯಾಗಿದ್ದು, ಕಾಂಡದಲ್ಲಿ ಕೆಂಪು ಛಾಯೆ ಇದ್ದರೆ ಅದು ಅದರ ಸೋದರಜಾತಿಯಾದ ಫಿಲಾಂಥಸ್ ಯೂರಿನೇರಿಯಾ. ನಮ್ಮ ಹಿತ್ತಲಿನಲ್ಲಿ ಎರಡೂ ಒಂದೇ ಮಡಿಯಲ್ಲಿ ಬೆಳೆದಿದ್ದವು. ಮಗುಚಿದ ಕಡ್ಡಿಯ ಚಿತ್ರವನ್ನು ಕಾಯಿಯೆಂದು ಸೂಚಿಸಿ ಕೊಟ್ಟಾಗ ಪ್ಲಾಂಟ್‌ನೆಟ್ ಎರಡನ್ನೂ ಬೇರೆ ಬೇರೆಯಾಗಿ ಪಟ್ಟಿಯ ಮೇಲಕ್ಕೆ ತಂದಿತು, ಹೋಲಿಕೆಯ ಚಿತ್ರಗಳಲ್ಲಿ ತೊಟ್ಟಿನ ವ್ಯತ್ಯಾಸವೂ ಸ್ಪಷ್ಟವಾಗಿತ್ತು. ಇಷ್ಟು ಸೂಕ್ಷ್ಮವಾದ ಕೆಲಸವನ್ನು ಯಾವ ಖರ್ಚೂ ಇಲ್ಲದೆ ಮಾಡಿಕೊಡುವ ಸೌಲಭ್ಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಚಿತ್ರದಲ್ಲಿ ಮೂಡದ ಗುಣಗಳ ವಿಷಯ ಬೇರೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೇವದಲ್ಲಿ ಬೆಳೆದಿದ್ದ ಗರಗದ ಸೊಪ್ಪೂ ಒಣನೆಲದಲ್ಲಿ ಎಲ್ಲೆಡೆ ಹರಡಿದ್ದ ಟ್ರೈಡ್ಯಾಕ್ಸ್ ಎಂಬ ಕಳೆಯೂ ಹೂ ಬಿಡುವ ಮೊದಲು ನೋಡುವವರನ್ನು ಗೊಂದಲಕ್ಕೆ ಕೆಡವುತ್ತವೆ. ಹೂ ಬಂದ ಮೇಲೆ ಸಂಶಯಕ್ಕೆ ಎಡೆಯಿಲ್ಲ: ಟ್ರೈಡ್ಯಾಕ್ಸ್‌ನ ಹೂವು ಉದ್ದನೆಯ ಒಂಟಿ ದಂಟಿನ ತುದಿಯಲ್ಲಿ, ಹಳದಿ ನಡುವಿನ ಸುತ್ತ ನಾಲ್ಕೈದು ಕೆನೆಬಣ್ಣದ ಹಲ್ಲುಹಲ್ಲಾದ ಎಸಳುಗಳೊಂದಿಗೆ ನಿಂತಿರುತ್ತದೆ, ಗರಗದ ಹೂವು ಸಣ್ಣದು, ಬಿಳಿಯದು, ಎಲೆಯ ಕಂಕುಳಿನ ಹತ್ತಿರವೇ ಇರುತ್ತದೆ. ಹೂವಿಲ್ಲದ ಗಿಡದ ಚಿತ್ರಕ್ಕೆ ಯಾವ ಆ್ಯಪ್ ಕೊಡುವ ಅಂಕವೂ ಸಹಜವಾಗಿಯೇ ಕಡಿಮೆ. ಆದರೆ ಗರಗದ ಎಲೆಯನ್ನೋ ಕಾಂಡವನ್ನೋ ಬೆರಳಲ್ಲಿ ಹಿಸುಕಿ ಸ್ವಲ್ಪ ಹೊತ್ತು ಬಿಟ್ಟರೆ ರಸ ಕಪ್ಪಾಗುತ್ತದೆ, ಟ್ರೈಡ್ಯಾಕ್ಸ್‌ನದು ಹಾಗೆ ಕಪ್ಪಾಗುವುದಿಲ್ಲ. ತಲೆಗೂದಲಿನ ಎಣ್ಣೆ ಕಾಯಿಸುವವರು ಇಂದಿಗೂ ಈ ಪರೀಕ್ಷೆಯನ್ನೇ ನಂಬುತ್ತಾರೆ, ನಂಬುವುದು ಸರಿಯೂ ಹೌದು. ಆ್ಯಪ್ ಹೇಳಿದ್ದನ್ನು ಕೈಯಿಂದ ಖಚಿತಪಡಿಸಿಕೊಳ್ಳಲು ಇಂಥ ಪರೀಕ್ಷೆ ಇದೆಯೇ ಎಂದು ಪ್ರತಿ ಗಿಡಕ್ಕೂ ಹುಡುಕುವುದು ಒಳ್ಳೆಯ ಅಭ್ಯಾಸ.

ಹಣ ಕೇಳುವ ಆ್ಯಪ್‌ಗಳಲ್ಲಿ ಒಂದನ್ನು ಪ್ರಯೋಗಿಸಿದೆ. ಹೆಸರು ಇಲ್ಲಿ ಬೇಡ. ಕೆಲವು ದಿನ ಉಚಿತ, ಆಮೇಲೆ ವರ್ಷದ ಚಂದಾ ಖಾತೆಯಿಂದ ತಾನೇ ಕಡಿತವಾಗುವ ವ್ಯವಸ್ಥೆ, ಮತ್ತು ಅದನ್ನು ರದ್ದು ಮಾಡುವ ಗುಂಡಿ ಆ್ಯಪ್‌ನ ಒಳಗೆ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ, ಪ್ಲೇ ಸ್ಟೋರ್‌ನ ಚಂದಾ ವಿಭಾಗಕ್ಕೆ ಹೋಗಿಯೇ ನಿಲ್ಲಿಸಬೇಕು. ಅದರ ತೋರಿಕೆ ಸೊಗಸಾಗಿದೆ: ನೀರು ಎಷ್ಟು, ಬಿಸಿಲು ಎಷ್ಟು, ರೋಗ ಯಾವುದು ಎಂಬೆಲ್ಲ ಚೀಟಿಗಳು ಬಣ್ಣಬಣ್ಣವಾಗಿ ತೆರೆದುಕೊಳ್ಳುತ್ತವೆ. ಆದರೆ ಉತ್ತರ ಒಂದೇ, ಸಂಶಯದ ಸುಳಿವೂ ಇಲ್ಲದ ಖಚಿತ ಧಾಟಿಯಲ್ಲಿ. ತುಳಸಿಕಟ್ಟೆಯ ಪಕ್ಕದಲ್ಲಿ ಅತ್ತೆ ಬೆಳೆಸಿದ್ದ ಮಾಚಿಪತ್ರೆಯನ್ನು ಅದು ಅಲರ್ಜಿ ತರುವ ವಿದೇಶಿ ಕಳೆಯೆಂದು ಘೋಷಿಸಿ, ಕೂಡಲೇ ಕಿತ್ತುಹಾಕಲು ಸಲಹೆಯನ್ನೂ ಕೊಟ್ಟಿತು. ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಅದೇ ಮಡಿಯಲ್ಲಿ ಕಾಂಗ್ರೆಸ್ ಗಿಡದ ಸಸಿಗಳೂ ಎದ್ದಿದ್ದವು. ನೆಲಕ್ಕಂಟಿ ವೃತ್ತಾಕಾರವಾಗಿ ಹರಡಿಕೊಳ್ಳುವ ಆ ಹಂತದಲ್ಲಿ ಅದರ ಸೀಳುಸೀಳಾದ ಎಲೆ ಮಾಚಿಪತ್ರೆಗೂ ಸೇವಂತಿಗೆಗೂ ಹತ್ತಿರವಾಗಿಯೇ ಕಾಣುತ್ತದೆ, ಮೂರೂ ಒಂದೇ ಕುಟುಂಬದವು. ಕಳೆ ಕೀಳಲು ಬಂದ ಹೆಂಗಸು ಫೋನಿನ ಕಡೆ ನೋಡದೆ, "ಕೈಯಾಗೆ ಉಜ್ಜಿ ಮೂಸಿ ನೋಡ್ರಿ ಸಾರ್, ಇದು ಪೂಜೆದು" ಎಂದು ಒಂದು ಎಲೆಯನ್ನು ಕಿತ್ತುಕೊಟ್ಟರು. ಮಾಚಿಪತ್ರೆಯ ಘಾಟು ಪರಿಮಳ ಕಾಂಗ್ರೆಸ್ ಗಿಡಕ್ಕಿಲ್ಲ. ಮಾಚಿಪತ್ರೆಯ ಎಲೆಯ ಅಡಿಭಾಗವಂತೂ ಬೂದಿ ಹಚ್ಚಿದಂತೆ ಬೆಳ್ಳಗಿರುತ್ತದೆ. ಎಲೆಯ ಹಿಂಬದಿಯ ಚಿತ್ರವನ್ನು ಸೇರಿಸಿ ಕೊಟ್ಟಾಗ ಪ್ಲಾಂಟ್‌ನೆಟ್ ಮಾಚಿಪತ್ರೆ ಸೇರಿರುವ ಆರ್ಟಿಮಿಸಿಯಾ ಕುಲವನ್ನು ಸರಿಯಾಗಿ ಹಿಡಿಯಿತು, ಆದರೆ ಅದರೊಳಗಿನ ಜಾತಿಗಳ ನಡುವೆ ಅಂಕವನ್ನು ಹಂಚಿಬಿಟ್ಟಿತು. ನನಗೆ ಅಷ್ಟು ಸಾಕು. ಕುಲದವರೆಗೆ ಒಯ್ದು, ಮುಂದಿನದರಲ್ಲಿ ಸಂಶಯವಿದೆ ಎಂದು ಅಂಕದಲ್ಲಿಯೇ ತೋರಿಸುವುದು ಸುಳ್ಳು ಖಚಿತತೆಗಿಂತ ಎಷ್ಟೋ ಮೇಲು. ವರ್ಷದ ಚಂದಾ ಕಟ್ಟಿ ಕೊಳ್ಳುವಂಥದ್ದು ಆ ಇನ್ನೊಂದರಲ್ಲಿ ಏನೂ ಇಲ್ಲ.

ಹುಲ್ಲು ಮತ್ತು ಹುಲ್ಲಿನಂತಿರುವವುಗಳ ವಿಷಯದಲ್ಲಿ ಆ್ಯಪ್‌ಗಳಿಂದ ಹೆಚ್ಚು ನಿರೀಕ್ಷಿಸಬಾರದು. ತೆನೆ ಬಾರದ ಹುಲ್ಲಿನ ಚಿತ್ರದಲ್ಲಿ ಗುರುತು ಹಿಡಿಯುವಂಥ ಅಂಶವೇ ಕಡಿಮೆ. ಜೇಕನ್ನು ಗುರುತಿಸಲು ಫೋನಿನ ಅಗತ್ಯವೂ ಇಲ್ಲ: ಅದರ ಹೂದಂಟನ್ನು ಎರಡು ಬೆರಳ ನಡುವೆ ಹೊರಳಿಸಿದರೆ ಮೂರು ಏಣು ತಾಕುತ್ತವೆ, ಕರಿಕೆಯ ಕಾಂಡ ದುಂಡಗೆ ಉರುಳುತ್ತದೆ. ಈ ಗುರುತು ಯಾಕೆ ಮುಖ್ಯವೆಂದರೆ, ಜೇಕಿನ ಗಡ್ಡೆಗಳು ನೆಲದೊಳಗೆ ಸರಪಳಿಯಂತೆ ಕೊಂಡಿಗೂಡಿರುತ್ತವೆ, ಮೇಲಿನ ಹಸಿರನ್ನು ಎಳೆದರೆ ಕೊಂಡಿ ಹರಿದು ಒಳಗುಳಿದ ಪ್ರತಿ ಗಡ್ಡೆಯೂ ಬೇರೆಯಾಗಿ ಚಿಗುರುತ್ತದೆ. ಅದನ್ನು ಅಗೆದೇ ತೆಗೆಯಬೇಕು.

ಗೂಗಲ್ ಲೆನ್ಸ್ 2017ರಲ್ಲಿ ಪ್ರಕಟವಾದದ್ದು, ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆಗಲೇ ಇರುತ್ತದೆ. ಅದು ಗಿಡಗಳಿಗಾಗಿಯೇ ಮಾಡಿದ್ದಲ್ಲ, ಜಾಲದಲ್ಲಿರುವ ಹೋಲುವ ಚಿತ್ರಗಳನ್ನು ಹುಡುಕಿ ಮುಂದಿಡುವ ಸಾಧನ. ನರ್ಸರಿಗಳಲ್ಲಿ ಮಾರುವ ಕ್ರೋಟನ್, ದಾಸವಾಳದ ತಳಿಗಳು, ಕುಂಡದ ಅಲಂಕಾರಿಕ ಗಿಡಗಳಿಗೆ ಅದು ಚೆನ್ನಾಗಿ ಒದಗುತ್ತದೆ, ಏಕೆಂದರೆ ಅವುಗಳ ಚಿತ್ರಗಳು ಅಂಗಡಿಗಳ ಪುಟಗಳಲ್ಲಿ ಹೇರಳವಾಗಿವೆ. ಅಂಗಳದ ಮುಂದಿನ ಕುಂಡಗಳನ್ನು ನಾನು ಅದಕ್ಕೇ ಬಿಟ್ಟೆ.

ಎರಡನೆಯ ಸ್ಥಾನ ಐನ್ಯಾಚುರಲಿಸ್ಟ್‌ಗೆ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು ಈಗ ಲಾಭೋದ್ದೇಶವಿಲ್ಲದ ಸ್ವತಂತ್ರ ಸಂಸ್ಥೆ. ಯಂತ್ರದ ಸಲಹೆ ಇಲ್ಲಿ ಮೊದಲ ಹೆಜ್ಜೆ ಮಾತ್ರ. ಚಿತ್ರ, ದಿನಾಂಕ, ಸ್ಥಳದೊಂದಿಗೆ ಹಾಕಿದ ದಾಖಲೆಯನ್ನು ತಿಳಿದವರು ನೋಡಿ ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದರೆ ಅದು ಸಂಶೋಧನಾ ದರ್ಜೆಗೆ ಏರುತ್ತದೆ. ನೆಟ್ಟು ಬೆಳೆಸಿದ ಗಿಡವಾದರೆ ಹಾಗೆಂದು ಗುರುತು ಮಾಡಬೇಕು, ಅಂಥ ದಾಖಲೆಗಳಿಗೆ ಆ ದರ್ಜೆ ಇಲ್ಲ, ಗಮನವೂ ಕಡಿಮೆ. ಹೀಗಾಗಿ ಪಾರಂಪರಿಕ ಹಿತ್ತಲಿನವರಿಗೆ ಇದು ಕಳೆಗಳ ಮಟ್ಟಿಗೆ ಹೆಚ್ಚು ಉಪಯೋಗಿ. ಉತ್ತರಕ್ಕೆ ಕಾಯುವ ತಾಳ್ಮೆ ಬೇಕು. ಮನೆಯ ಹಿತ್ತಲಿನ ಚಿತ್ರ ಹಾಕುವವರು ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯನ್ನು ಒತ್ತುವುದು ಒಳ್ಳೆಯದು, ಇಲ್ಲವಾದರೆ ಮನೆಯ ಜಾಗವೇ ನಕ್ಷೆಯ ಮೇಲೆ ಕಾಣುತ್ತದೆ.

ಇದರ ಇನ್ನೊಂದು ಲಾಭವೆಂದರೆ ಕೀಟಗಳನ್ನೂ ಗುರುತಿಸುತ್ತದೆ. ಕಲ್ಲುಗೋಡೆಯ ಬುಡದ ಕಾಂಗ್ರೆಸ್ ಗಿಡಗಳ ಎಲೆ ಜರಡಿಯಾಗಿದ್ದವು, ಅವುಗಳ ಮೇಲೆ ಕೆನೆಹಳದಿ ಬೆನ್ನಿನಲ್ಲಿ ಕಂದು ಗೆರೆಗಳಿದ್ದ ದುಂಡನೆಯ ಜೀರುಂಡೆಗಳು ಕೂತಿದ್ದವು. ಔಷಧಿ ಸಿಂಪಡಿಸುವ ಮಾತು ಮನೆಯಲ್ಲಿ ಬಂದಾಗ ಅವುಗಳ ಚಿತ್ರ ಹಾಕಿ ನೋಡಿದೆ: ಝೈಗೋಗ್ರಾಮಾ ಬೈಕೊಲೊರೇಟಾ, ಅಂದರೆ ಈ ಕಳೆಯನ್ನು ಹತ್ತಿಕ್ಕಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆಯ ಸಂತತಿ. ಸಿಂಪಡಣೆ ಅಲ್ಲಿಗೆ ನಿಂತಿತು. ಜೀರುಂಡೆ ಮುಟ್ಟದೆ ಬಿಟ್ಟ ಗಿಡಗಳನ್ನು ಮಾತ್ರ ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಿಸಿದೆ. ಈ ಗಿಡದ ಸ್ಪರ್ಶದಿಂದ ಕೆಲವರಿಗೆ ಚರ್ಮದ ತುರಿಕೆ ತೀವ್ರವಾಗಿ ಬರುತ್ತದೆ.

ತಿನ್ನುವ, ಕಷಾಯ ಕುಡಿಯುವ ಮಾತು ಬಂದರೆ ಈ ಯಾವ ಆ್ಯಪ್‌ನ ಉತ್ತರವೂ ಸಾಲದು ಎಂದು ಕಟುವಾಗಿಯೇ ಹೇಳಬೇಕಾಗಿದೆ. ಬೇವಿನ ಮರಕ್ಕೆ ಹಬ್ಬಿದ್ದ ಬಳ್ಳಿಯನ್ನು ನೋಡಿ ಪಕ್ಕದ ಮನೆಯವರು ಅಮೃತಬಳ್ಳಿಯೆಂದು ಕಾಂಡ ಕೇಳಿದ್ದರು. ಹೃದಯಾಕಾರದ ಎಲೆಯ ಚಿತ್ರ ಒಂದಕ್ಕೆ ಟೈನೋಸ್ಪೋರಾ ಕಾರ್ಡಿಫೋಲಿಯಾ ಮತ್ತು ಟೈನೋಸ್ಪೋರಾ ಕ್ರಿಸ್ಪಾ ಎರಡೂ ಪಟ್ಟಿಯಲ್ಲಿ ಬಂದವು. ಅಮೃತಬಳ್ಳಿ ಮೊದಲನೆಯದು. ಎರಡನೆಯದನ್ನು ಅದೆಂದು ತಪ್ಪು ತಿಳಿಯಬಾರದೆಂದು ಕೇಂದ್ರದ ಆಯುಷ್ ಸಚಿವಾಲಯ 2022ರಲ್ಲಿ ಸ್ಪಷ್ಟೀಕರಣವನ್ನೇ ಕೊಟ್ಟಿತ್ತು. ಕ್ರಿಸ್ಪಾದ ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳು ಎದ್ದು ಕಾಣುತ್ತವೆ, ಮುರಿದರೆ ಹಾಲಿನಂಥ ರಸ ಬರುತ್ತದೆ. ನಮ್ಮ ಬಳ್ಳಿಯಲ್ಲಿ ಇವೆರಡೂ ಇರಲಿಲ್ಲ. ಆದರೂ ಆಯುರ್ವೇದ ವೈದ್ಯರಿಗೆ ತೋರಿಸದೆ ಕೊಡುವುದಿಲ್ಲವೆಂದೆ, ಪಕ್ಕದವರಿಗೆ ಸ್ವಲ್ಪ ಬೇಸರವೂ ಆಯಿತು. ಇಡೀ ಗಿಡವೇ ವಿಷವಾದ ಕಣಗಿಲೆ, ಬೀಜ ವಿಷವಾದ ಗುಲಗಂಜಿ, ಬೇಲಿಯಂಚಿನ ಉಮ್ಮತ್ತಿ ಇವೆಲ್ಲ ನಮ್ಮ ಹಳೆಯ ಹಿತ್ತಲುಗಳಲ್ಲಿ ಸಾಮಾನ್ಯ, ಮನೆಯಲ್ಲಿ ಮಕ್ಕಳಿದ್ದರೆ ಗುರುತಿಸುವ ಕೆಲಸವನ್ನು ಇವುಗಳಿಂದಲೇ ಆರಂಭಿಸುವುದು ಲೇಸು.

ಆ್ಯಪ್ ಕೊಡುವ ಸಸ್ಯಶಾಸ್ತ್ರೀಯ ಹೆಸರನ್ನು ಫ್ಲವರ್ಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಹಾಕಿದರೆ ಬಹಳಷ್ಟು ಗಿಡಗಳಿಗೆ ಕನ್ನಡದ ಹೆಸರು ಸಿಗುತ್ತದೆ, ಆ ಹೆಸರನ್ನು ಹಿಡಿದು ಊರಿನ ಹಿರಿಯರನ್ನೂ ಗ್ರಂಥಿಗೆ ಅಂಗಡಿಯವರನ್ನೂ ಕೇಳಬಹುದು. ಕಳೆಯ ಹತೋಟಿಯ ಬಗ್ಗೆ ಮಾತ್ರ ಆ್ಯಪ್‌ನಲ್ಲಿ ಹುಡುಕುವುದು ವ್ಯರ್ಥ. ನಮ್ಮ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿಯೂ, ದಾವಣಗೆರೆಯವರಿಗೆ ಅಲ್ಲಿನ ತರಳಬಾಳು ಸಂಸ್ಥೆಯದರಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಗುವಾಗ ಫೋನಿನ ಚಿತ್ರವನ್ನಷ್ಟೇ ಒಯ್ಯದೆ, ಬೇರು, ಹೂವು, ಕಾಯಿ ಸಮೇತ ಇಡೀ ಗಿಡವನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಒಯ್ಯಬೇಕು. ಕಾಂಗ್ರೆಸ್ ಗಿಡವಾದರೆ ಬೀಜ ಉದುರದಂತೆ ಚೀಲದೊಳಗೆ ಕಟ್ಟಿ ಒಯ್ಯಿರಿ.