ದುಬೈಯಿಂದ ಊರಿಗೆ ನಗದು: ಒಂಬತ್ತು ವರ್ಷ ಬಳಸಿದ ಸೇವೆಯನ್ನು ಯಾಕೆ ಬಿಟ್ಟೆ

ಈ ವಿಮರ್ಶೆಯನ್ನು 2022ರಲ್ಲೇ ಬರೆಯಬೇಕಿತ್ತು. ಆಗ ಬರೆದಿದ್ದರೆ ಬರೀ ಕೋಪ ಇರುತ್ತಿತ್ತು. ಈ ಸೇವೆಯಿಂದ ನಮ್ಮ ಮನೆಗೆ ಸಿಕ್ಕ ಸಂತೋಷವೂ ಕಡಿಮೆಯಲ್ಲ. ಎರಡನ್ನೂ ಹೇಳಬೇಕು ಅಂತ ಇಷ್ಟು ದಿನ ಕಾದೆ. ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ಹೇಳುವ ತೊಂದರೆ, ವಿದೇಶದಲ್ಲಿ ಹಣ ಕಟ್ಟಿದಾಗ ರಸೀದಿಯಲ್ಲಿ ಬರುವ ನಂಬರನ್ನು ಊರಿನ ಅಂಗಡಿಯಲ್ಲಿ ತೋರಿಸಿ ನಗದು ಪಡೆಯುವ ಯಾವ ಸೇವೆಯಲ್ಲೂ ಆಗಬಹುದು.

ನಾನು ಬರ್ ದುಬೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುವವನು. ಊರು ಕುಂದಾಪುರ ತಾಲೂಕು, ವಂಡ್ಸೆ ಹತ್ತಿರ. ಮನೆಯಲ್ಲಿ ಅಮ್ಮ ಒಬ್ಬಳೇ. ಮೊದಲ ಸಲ ಹಣ ಕಳುಹಿಸಿದ್ದು 2013ರ ಆಗಸ್ಟ್ ಕೊನೆಯ ವಾರ. ರೂಪಾಯಿ ಬಿದ್ದು ಡಾಲರಿಗೆ 68 ದಾಟಿದ ವಾರ ಅದು. ಎಕ್ಸ್‌ಚೇಂಜ್, ಅಂದರೆ ಊರಿಗೆ ಹಣ ಕಳುಹಿಸಿಕೊಡುವ ಅಂಗಡಿ, ಅದರ ಮುಂದೆ ಸಾಲು ರಸ್ತೆಯವರೆಗೂ ಬಂದಿತ್ತು. ಅಲ್ಲಿಂದ ಶುರುವಾಗಿ ಒಂಬತ್ತು ವರ್ಷ, ನೂರಕ್ಕೂ ಜಾಸ್ತಿ ಸಲ ಕಳುಹಿಸಿದ್ದೇನೆ. ಶುಲ್ಕ ಎಷ್ಟು, ಎಷ್ಟು ನಿಮಿಷಕ್ಕೆ ಹೋಗುತ್ತದೆ ಅನ್ನುವುದೆಲ್ಲ ಅಲ್ಲಿನ ಬೋರ್ಡಿನಲ್ಲೇ ಇರುತ್ತದೆ. ಅದನ್ನು ಬಿಡೋಣ.

ಬೋರ್ಡಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಸಂಬಳ ಬಂದ ಮೇಲಿನ ಮೊದಲ ಶನಿವಾರ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನನಗೆ ಎರಡು ಗಂಟೆ ಬಿಡುವು. ಅಬ್ರಾ ದೋಣಿ ಹತ್ತಿ, ಒಂದು ದಿರ್ಹಮ್ ಕೊಟ್ಟು, ಕ್ರೀಕ್ ದಾಟಿ ದೇರಾಕ್ಕೆ ಹೋಗುತ್ತಿದ್ದೆ. ಕ್ರೀಕ್ ಅಂದರೆ ಊರಿನ ಮಧ್ಯೆ ಹರಿಯುವ ಸಮುದ್ರದ ಕವಲು. ಆಚೆ ದಡದಲ್ಲಿ ರೇಟು ಕೆಲವೊಮ್ಮೆ 5 ಪೈಸೆ ಜಾಸ್ತಿ ಸಿಗುತ್ತಿತ್ತು. 1,500 ದಿರ್ಹಮಿಗೆ ಅದು 75 ರೂಪಾಯಿ. ಹೋಗಿ ಬರುವ ದೋಣಿ ಖರ್ಚು ಕಳೆದರೂ ಅಮ್ಮನ ಬಸ್ ಚಾರ್ಜಿಗೆ ಏನಾದರೂ ಉಳಿಯುತ್ತಿತ್ತು. ಟೋಕನ್ ಹಿಡಿದು ಕೂತು, ಕೆಂಪು ಅಕ್ಷರದ ರೇಟು ನೋಡುತ್ತಾ, ಎಸಿ ಗಾಳಿಗೆ ಮೈಯ ಬೆವರು ಆರಿಸಿಕೊಳ್ಳುವ ಆ ಅರ್ಧ ಗಂಟೆ ನನ್ನ ತಿಂಗಳ ಒಳ್ಳೆಯ ಹೊತ್ತು.

ರಸೀದಿ ಕೈಗೆ ಬಂದ ಕೂಡಲೇ ಹೊರಗೆ ನಿಂತು ವಾಟ್ಸಾಪ್‌ನಲ್ಲಿ ದನಿ ಕಳುಹಿಸುತ್ತಿದ್ದೆ. ನಂಬರನ್ನು ಎರಡೆರಡೇ ಅಂಕಿಯಾಗಿ ಹೇಳುವುದು. ಅಮ್ಮ ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು, ವಾಪಸ್ ಓದಿ ಹೇಳುತ್ತಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಂದು ಅಂಕಿಯೂ ತಪ್ಪಿದ್ದಿಲ್ಲ.

ಸೋಮವಾರ ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಹೆಮ್ಮಾಡಿ ಮೇಲೆ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಶಾಸ್ತ್ರಿ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ನಂಬರ್ ಚೀಟಿ, ಗುರುತಿನ ಚೀಟಿ ಕೊಟ್ಟು, ಸಹಿ ಹಾಕಿ ದುಡ್ಡು ಎಣಿಸಿಕೊಳ್ಳುವುದು. ಆಮೇಲೆ ಒಂದು ಚೆಂಡು ಮಲ್ಲಿಗೆ. ಬಂಗುಡೆ ಅಗ್ಗ ಇದ್ದರೆ ಬಂಗುಡೆ. ಬಸ್ಸಿನಲ್ಲಿ ಕೂತು ನನಗೆ "ಬಂತ್ ಮಗಾ" ಅಂತ ಒಂದೇ ಮಾತಿನ ದನಿ. ಹಿಂದೆ ಕಂಡಕ್ಟರ್ ಸೀಟಿ ಕೇಳುತ್ತಿತ್ತು. ಬ್ಯಾಂಕ್ ಖಾತೆಗೇ ಹಾಕು ಅಂತ ಎಷ್ಟೋ ಜನ ಹೇಳಿದ್ದರು. ನಾನು ಹಾಕಲಿಲ್ಲ. ದುಡ್ಡು ಅಮ್ಮನ ಕೈಗೆ ಹೋಗಬೇಕು ಅಂತ ನನಗೆ ಆಸೆ, ಕುಂದಾಪುರಕ್ಕೆ ಹೋಗಿಬರಬೇಕು ಅಂತ ಅವಳಿಗೆ ಆಸೆ.

2022ರ ಚೌತಿ ಆಗಸ್ಟ್ 31ಕ್ಕೆ ಬಂತು. ಹಬ್ಬದ ಖರ್ಚು, ಮನೆ ಹಿಂದಿನ ಶೀಟು ಬದಲಾಯಿಸುವುದು ಅಂತ ಆ ಸಲ 2,000 ದಿರ್ಹಮ್ ಕಳುಹಿಸಿದೆ. ಸುಮಾರು 43,000 ರೂಪಾಯಿ. ಈ ವ್ಯವಸ್ಥೆಯಲ್ಲಿ 50,000ದವರೆಗೆ ಮಾತ್ರ ನಗದು ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದರೊಳಗೇ ಇತ್ತು.

ಸೋಮವಾರ ಬೆಳಗ್ಗೆ ಅಮ್ಮ ಸೀರೆ ಉಡುತ್ತಿದ್ದಾಗ ಫೋನ್ ಬಂತು. ಮಾತನಾಡಿದವನದು ಘಟ್ಟದ ಮೇಲಿನ ಕನ್ನಡ. "ಅಮ್ಮಾ, ನಿಮ್ಮ ಮಗ ದುಬೈಯಿಂದ ದುಡ್ಡು ಕಳ್ಸಿದಾರಲ್ಲ, ಹಬ್ಬಕ್ಕೆ ನಮ್ದು ಸರ್ವರ್ ಬಂದ್ ಆಗುತ್ತೆ. ನಂಬರ್ ಒಂದ್ಸಲ ಹೇಳಿ, ಕನ್ಫರ್ಮ್ ಮಾಡಿ ಇಡ್ತೀವಿ. ನೀವು ಬಂದ ಕೂಡ್ಲೇ ಕೊಡ್ತಾರೆ" ಅಂದನಂತೆ. ಹೆಸರನ್ನೂ ಕೇಳಿದನಂತೆ, ಗುರುತಿನ ಚೀಟಿಯಲ್ಲಿ ಇರುವ ಹಾಗೇ ಹೇಳಿ ಅಂತ. ಅಮ್ಮ ಕ್ಯಾಲೆಂಡರ್ ನೋಡಿ, ಎರಡೆರಡೇ ಅಂಕಿಯಾಗಿ, ನಾನು ಕಲಿಸಿದ ಹಾಗೆಯೇ ಓದಿ ಹೇಳಿದಳು.

ಹನ್ನೊಂದೂವರೆಗೆ ಕುಂದಾಪುರದ ಅಂಗಡಿಯಿಂದ ಅವಳ ಫೋನ್. "ಮಗಾ, ದುಡ್ಡ್ ಆಗ್ಳೇ ತಕಂಡ್ ಹೋಯ್ರ್ ಅಂಬ್ರ್." ಅವಳ ದನಿ ನಡುಗುತ್ತಿತ್ತು.

ಅವಳು ಬಸ್ಸಿನಲ್ಲಿ ಇದ್ದಾಗಲೇ ಬೇರೆ ರಾಜ್ಯದ ಯಾವುದೋ ಅಂಗಡಿಯಲ್ಲಿ, ಅಮ್ಮನ ಹೆಸರಿನ ಗುರುತಿನ ಚೀಟಿ ತೋರಿಸಿ, ಯಾರೋ ದುಡ್ಡು ತೆಗೆದುಕೊಂಡಿದ್ದರು. ಫೋನ್ ಮಾಡಿದವನಿಗೆ ಮಾಹಿತಿ ಎಲ್ಲಿಂದ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಕುಂದಾಪುರದ ಅಂಗಡಿಯವರ ಮೇಲೆ ಹೊರಿಸಲು ನನ್ನ ಹತ್ತಿರ ಆಧಾರ ಇಲ್ಲ. ನಮ್ಮ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿ ಇರುತ್ತಾರೆ, ಹಬ್ಬದ ವಾರ ಎಲ್ಲರ ಮನೆಗೂ ದುಡ್ಡು ಬರುತ್ತದೆ. ಸುಮ್ನೆ ನಂಬರ್ ಒತ್ತುತ್ತಾ ಹೋದರೂ ಹತ್ತರಲ್ಲಿ ಒಬ್ಬ ಅಮ್ಮ ಸಿಗಬಹುದು.

ಆಮೇಲೆ ನಡೆದದ್ದೇ ಈ ವಿಮರ್ಶೆಯ ಮುಖ್ಯ ವಿಷಯ. ಅಮ್ಮ ನಂಬರ್ ಹೇಳಿದ್ದು ತಪ್ಪು. ಅದನ್ನು ನಾವು ಒಪ್ಪುತ್ತೇವೆ. ಆದರೆ ನಂಬರ್ ಅಂದರೆ ಅರ್ಧ ಬೀಗ ಮಾತ್ರ ಅಲ್ವಾ? ಉಳಿದ ಅರ್ಧ ಗುರುತಿನ ಚೀಟಿ. ಅದನ್ನು ಸರಿಯಾಗಿ ನೋಡಬೇಕಾದವರು ದುಡ್ಡು ಕೊಟ್ಟ ಅಂಗಡಿಯವರು. ಅವರು ಯಾವ ಚೀಟಿ ನೋಡಿದರು, ಫೋಟೋದಲ್ಲಿ ಯಾರ ಮುಖ ಇತ್ತು ಅಂತ ಕೇಳಿದೆ. ದೇರಾದ ಎಕ್ಸ್‌ಚೇಂಜಿನವರು "ನಾವು ಕಳುಹಿಸುವವರು ಮಾತ್ರ, ಕಂಪನಿಗೆ ಕೇಳಿ" ಅಂದರು. ಕಂಪನಿಯವರು "ಭಾರತದ ಏಜೆಂಟ್ ಉತ್ತರ ಕೊಡಬೇಕು" ಅಂದರು. ಆ ಏಜೆಂಟಿನ ಕೆಳಗೆ ಇನ್ನೊಬ್ಬ ಉಪ ಏಜೆಂಟ್. ಒಂದು ರಸೀದಿಯ ಹಿಂದೆ ನಾಲ್ಕು ಕೈ ಇರುತ್ತವೆ ಅಂತ ಒಂಬತ್ತು ವರ್ಷದಲ್ಲಿ ನನಗೆ ಮೊದಲ ಸಲ ಗೊತ್ತಾಯಿತು. ಏಳು ವಾರದ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಇಮೇಲ್ ಬಂತು. ನಂಬರ್ ಮತ್ತು ಗುರುತಿನ ಚೀಟಿ ಸರಿ ಇದ್ದವು, ಹಣ ಪಾವತಿಯಾಗಿದೆ, ದೂರು ಮುಗಿಯಿತು ಅಂತ. ಚೀಟಿಯ ಪ್ರತಿ ಕೇಳಿದ್ದಕ್ಕೆ, ಅದು ಗ್ರಾಹಕರ ಖಾಸಗಿ ವಿಷಯ ಅಂದರು. ಆ ಚೀಟಿಯಲ್ಲಿ ಇದ್ದದ್ದು ನನ್ನ ಅಮ್ಮನ ಹೆಸರು.

ದುಡ್ಡು ಹೋದ ದಿನವೇ ಸೋದರಮಾವನ ಮಗ ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದ. ಯಾವ ಖಾತೆಗೆ ಹೋಯಿತು, ಯಾವ ಯುಪಿಐ ಅಂತ ಅವರು ಕೇಳಿದರು. ಯಾವುದೂ ಇಲ್ಲ, ನಗದು. ಖಾತೆಯಿಂದ ಖಾತೆಗೆ ಹೋದ ದುಡ್ಡಾದರೆ ಬೇಗ ಹೇಳಿದಷ್ಟೂ ಮಧ್ಯದಲ್ಲಿ ತಡೆಯಬಹುದು. ನೋಟು ಎಣಿಸಿಕೊಂಡು ರಸ್ತೆಗೆ ಇಳಿದವನನ್ನು ಯಾವ ಬ್ಯಾಂಕೂ ತಡೆಯಲಾರದು. ಉಡುಪಿಯ ಸೆನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು, ಅಮ್ಮನಿಗೆ ಸಮಾಧಾನವನ್ನೂ ಹೇಳಿದರು. ದುಡ್ಡು ಬರಲಿಲ್ಲ.

ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಆದದ್ದು ಹೊಸದೇನಲ್ಲ. ಅಮೆರಿಕದಲ್ಲಿ 2017ರ ಜನವರಿಯಲ್ಲಿ, ಹೀಗೇ ಹಣ ಕಳುಹಿಸಿಕೊಡುವ ವೆಸ್ಟರ್ನ್ ಯೂನಿಯನ್ ಕಂಪನಿ ತಪ್ಪೊಪ್ಪಿಕೊಂಡು 58.6 ಕೋಟಿ ಡಾಲರ್ ಕೊಡಲು ಒಪ್ಪಿತು. ವರ್ಷಗಟ್ಟಲೆ ಮೋಸದ ದೂರು ಬಂದರೂ ಕೆಲವು ಏಜೆಂಟರನ್ನು ತೆಗೆದಿರಲಿಲ್ಲ, ಆ ಏಜೆಂಟರಲ್ಲಿ ಕೆಲವರು ಮೋಸಗಾರರ ಜೊತೆಗೇ ಸೇರಿದ್ದರು ಅನ್ನುವುದು ಆರೋಪ. ಅಂಥದ್ದೇ ಇನ್ನೊಂದು ಕಂಪನಿ ಮನಿಗ್ರಾಂ ಕೂಡ 2012ರಲ್ಲಿ 10 ಕೋಟಿ ಡಾಲರ್, 2018ರಲ್ಲಿ 12.5 ಕೋಟಿ ಡಾಲರ್ ಕೊಡಬೇಕಾಯಿತು. ನನ್ನ ಸೇವೆ ಇದೇ, ಅದೇ ಅಂತ ಅಲ್ಲ. ಇಷ್ಟು ದೊಡ್ಡ ಕಂಪನಿಗಳಲ್ಲೂ ಹೋಗಿ ಹೋಗಿ ತಪ್ಪು ನಿಂತದ್ದು ಗಲ್ಲಿಯ ಅಂಗಡಿಯಲ್ಲೇ ಅನ್ನುವುದು ನನ್ನ ಗಮನಕ್ಕೆ ಬಂತು. ನಗದಿನಿಂದ ನಗದಿಗೆ ಹೋದ ದುಡ್ಡನ್ನು ಹಿಂದೆ ಪಡೆಯುವುದು ಅಷ್ಟು ಕಷ್ಟ ಅಂತ, ಫೋನಿನಲ್ಲಿ ವ್ಯಾಪಾರ ಮಾಡುವವರು ಈ ದಾರಿಯಲ್ಲಿ ಹಣ ತೆಗೆದುಕೊಳ್ಳಲೇಬಾರದು ಅಂತ 2016ರಲ್ಲಿ ಅಮೆರಿಕದಲ್ಲಿ ನಿಯಮ ಬಂತು.

ಈ ಓದು ಒಬ್ಬನನ್ನು ಉಳಿಸಿತು. ನಮ್ಮ ರೂಮಿನ ಬೈಂದೂರಿನ ಹುಡುಗ ಶಾರ್ಜಾದಲ್ಲಿ ಫ್ಲ್ಯಾಟ್ ಹುಡುಕುತ್ತಿದ್ದ. ಬಾಡಿಗೆ ತೀರಾ ಕಡಿಮೆ, ಮಾಲೀಕ ವಿದೇಶದಲ್ಲಿ ಇದ್ದಾನಂತೆ. "ನನಗೆ ದುಡ್ಡು ಬೇಡ. ನಿನ್ನ ಸ್ವಂತ ಹೆಂಡತಿ ಹೆಸರಿಗೇ ಕಳುಹಿಸಿ ರಸೀದಿ ಫೋಟೋ ತೋರಿಸು, ನಿನ್ನ ಹತ್ತಿರ ಅಡ್ವಾನ್ಸ್ ಇದೆ ಅಂತ ಗೊತ್ತಾದರೆ ಸಾಕು" ಅಂತ ಮೆಸೇಜ್. ಹುಡುಗನಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹೆಂಡತಿ ಹೆಸರಿಗೆ ಕಳುಹಿಸಿದ್ದು ಬೇರೆಯವರಿಗೆ ಹೇಗೆ ಸಿಗುತ್ತದೆ ಅಂತ ನನ್ನನ್ನೇ ಕೇಳಿದ. ಅಮ್ಮನ ವಿಷಯ ಹೇಳಿದೆ. ಅವನು ಆವತ್ತೇ ಆ ನಂಬರನ್ನು ಬ್ಲಾಕ್ ಮಾಡಿದ.

ನಾನು ಇಷ್ಟಪಟ್ಟ ಅನುಕೂಲ ಯಾವುದು? ನಂಬರ್ ಇದ್ದರೆ ಯಾವ ಊರಿನ ಯಾವ ಅಂಗಡಿಯಲ್ಲಾದರೂ ದುಡ್ಡು ಸಿಗುತ್ತದೆ ಅನ್ನುವುದು. ಕಳ್ಳ ನುಗ್ಗಿದ್ದೂ ಅದೇ ಬಾಗಿಲಿನಿಂದ. ಅಮ್ಮ ನೂರು ಸಲವೂ ತೆಗೆದುಕೊಂಡದ್ದು ಕುಂದಾಪುರದ ಒಂದೇ ಅಂಗಡಿಯಲ್ಲಿ. ಇನ್ನೊಂದು ರಾಜ್ಯದಲ್ಲಿ ಅದೇ ಹೆಸರು ಬಂದಾಗ ಒಂದು ಸಲ ನಿಲ್ಲಿಸಿ ನನಗೆ ಕೇಳಬಹುದಿತ್ತು. ಕುಂದಾಪುರದಲ್ಲಿ ಮಾತ್ರ ಕೊಡಿ ಅಂತ ಕಟ್ಟಿಹಾಕುವ ಅವಕಾಶ ನನಗೆ ಕೊಡಬಹುದಿತ್ತು. ನಮ್ಮ ದೇಶದೊಳಗೆ ಅಂಗಡಿಯಿಂದ ಖಾತೆಗೆ ನಗದು ಕಟ್ಟುವವರಿಗೆ 2024ರ ನವೆಂಬರ್ 1ರಿಂದ ನಿಯಮ ಬಿಗಿಯಾಗಿದೆ. ನನ್ನ ಭಾವ ಬೆಂಗಳೂರಿನಿಂದ ಊರಿಗೆ ಹಾಗೆ ಕಳುಹಿಸುತ್ತಾನೆ. ಈಗ ಪ್ರತಿ ಸಲವೂ ಅವನ ಫೋನಿಗೆ ಓಟಿಪಿ ಬರುತ್ತದೆ. ನನ್ನ 43,000 ಬೇರೆಯವರ ಕೈಗೆ ಹೋಗುವ ಮೊದಲು ನನಗೊಂದು ಮೆಸೇಜ್ ಬಂದಿದ್ದರೆ ಸಾಕಿತ್ತು.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು. ನಂಬರನ್ನು ಯಾರಿಗೂ ಹೇಳಬೇಡಿ ಅನ್ನುವ ಮಾತು ರಸೀದಿಯ ಹಿಂದೆ ಇತ್ತು. ಸಣ್ಣ ಅಕ್ಷರದಲ್ಲಿ, ಇಂಗ್ಲಿಷ್ ಮತ್ತು ಅರಬಿಯಲ್ಲಿ. ಆ ನಂಬರನ್ನು ಕಾಪಾಡಬೇಕಾದವಳು ವಂಡ್ಸೆ ಹತ್ತಿರ ಕೂತು ಕನ್ನಡ ಮಾತ್ರ ಓದುವವಳು. ಕುಂದಾಪುರದ ಅಂಗಡಿಯಲ್ಲೂ ಕನ್ನಡದಲ್ಲಿ ಒಂದು ಸಾಲು ಇರಲಿಲ್ಲ. ಒಂಬತ್ತು ವರ್ಷದಲ್ಲಿ ಯಾರೂ ಬಾಯಲ್ಲೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಈಗ ಅಮ್ಮನ ಬ್ಯಾಂಕ್ ಖಾತೆಗೇ ಹಾಕುತ್ತೇನೆ. ಹೆಚ್ಚಾಗಿ ಅದೇ ದಿನ ಜಮೆಯಾಗುತ್ತದೆ. ಖಾತೆಯಲ್ಲಿ ಮೋಸ ಆಗುವುದಿಲ್ಲ ಅಂತ ಅಲ್ಲ, ಆದರೆ ದುಡ್ಡು ಹೋದ ಜಾಡಾದರೂ ಉಳಿಯುತ್ತದೆ. ಬದಲಾಯಿಸಿದ ಮೊದಲ ವರ್ಷ ಅಮ್ಮ ಗುರುತಿಲ್ಲದ ಯಾವ ಫೋನೂ ಎತ್ತಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ಎರಡು ಸಲ ಗೇಟಿನಿಂದ ವಾಪಸ್ ಹೋಗಿದ್ದ. "ನಂಗೆ ಹೆದ್ರಿಕಿ ಆತ್ತ್ ಮಗಾ" ಅಂದಿದ್ದಳು. 43,000 ರೂಪಾಯಿ ನಾನು ಐದಾರು ತಿಂಗಳಲ್ಲಿ ಸರಿ ಮಾಡಿಕೊಂಡೆ. ಅವಳ ಹೆದರಿಕೆ ಹೋಗಲು ಜಾಸ್ತಿ ದಿನ ಬೇಕಾಯಿತು.

ಈಚೆಗೆ ತಿಂಗಳಿಗೊಮ್ಮೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ಎಂಟ್ರಿ ಬಿದ್ದ ಪುಟ ನೋಡಿ ಸ್ವಲ್ಪ ದುಡ್ಡು ತೆಗೆಯುತ್ತಾಳೆ. ಒಂದು ಚೆಂಡು ಮಲ್ಲಿಗೆಯೂ ಶುರುವಾಗಿದೆ. ನಾನು ಮಾತ್ರ ಅಬ್ರಾ ಹತ್ತುವುದಿಲ್ಲ, ಫೋನಿನಲ್ಲೇ ಕಳುಹಿಸುತ್ತೇನೆ. ಆ ಅರ್ಧ ಗಂಟೆ ನೆನಪಾಗುತ್ತದೆ.

ಮನೆಯವರಿಗೆ ಖಾತೆ ಇಲ್ಲದೆ, ನಗದೇ ಕಳುಹಿಸಬೇಕಾದವರು ಈಗಲೂ ತುಂಬಾ ಜನ ಇದ್ದಾರೆ. ಅವರಿಗೆ ಬೇಡ ಅನ್ನಲಾರೆ. ನಂಬರನ್ನು ಶನಿವಾರವೇ ಹೇಳಬೇಡಿ. ಅವರು ಅಂಗಡಿಯ ಒಳಗೆ ಹೋಗಿ ಫೋನ್ ಮಾಡಿದ ಮೇಲೆ ಹೇಳಿ. ಗೋಡೆ ಮೇಲೆ, ಕ್ಯಾಲೆಂಡರ್ ಮೇಲೆ ಬರೆಸಬೇಡಿ. ರಸೀದಿಯ ಫೋಟೋ ಯಾರಿಗೂ ಕಳುಹಿಸಬೇಡಿ. ಮನೆಯಲ್ಲಿ ಕನ್ನಡದಲ್ಲಿ, ನಿಮ್ಮ ಬಾಯಿಂದಲೇ ಹೇಳಿ: ನಂಬರ್ ಕೇಳಿ ಫೋನ್ ಮಾಡುವವರು ಯಾರೇ ಆಗಲಿ, ಕಳ್ಳರು.

ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಆ ಎರಡೂ ನೂರು ಸೋಮವಾರಗಳಿಗೆ. ಗುರುತಿನ ಚೀಟಿಯ ಪ್ರತಿ ಕೊಡಿ ಅಂತ ಈಗಲೂ ಆರು ತಿಂಗಳಿಗೊಮ್ಮೆ ಕಂಪನಿಗೆ ಬರೆಯುತ್ತಿದ್ದೇನೆ. ಕೊಟ್ಟರೆ ಇಲ್ಲೇ ಬಂದು ತಿಳಿಸುತ್ತೇನೆ, ಅಂಕವನ್ನೂ ತಿದ್ದುತ್ತೇನೆ.