ಬೆನ್ನಿಗೆ ಯಾವ ಹೆಸರು ಹಾಕಲಿ ಅಂತ ಕೇಳುವ ಜೆರ್ಸಿ ಅಂಗಡಿ

ಶಾಲೆ ತಂಡಕ್ಕೋ ಊರಿನ ಟೂರ್ನಮೆಂಟಿಗೋ ಜೆರ್ಸಿ ಮಾಡಿಸಬೇಕು ಅಂತಿದ್ದರೆ ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯಲ್ಲಿರುವ ಈ ಪುಟ್ಟ ಅಂಗಡಿಯನ್ನು ಒಮ್ಮೆ ನೋಡಿ. ಬೋರ್ಡಿನಲ್ಲಿ ‘ಜೆರ್ಸಿ ಪ್ರಿಂಟಿಂಗ್’ ಅಂತ ಬಿಟ್ಟರೆ ಬೇರೆ ಹೆಸರಿಲ್ಲ. ಕೆಳಗೆ ಹೊಲಿಗೆ ಮೆಷಿನ್, ಮೇಲೆ ಅಟ್ಟದಲ್ಲಿ ಪ್ರಿಂಟರ್ ಮತ್ತು ಹೀಟ್ ಪ್ರೆಸ್. ನಾಲ್ಕು ಜನ ಒಳಗೆ ಬಂದರೆ ಐದನೆಯವರು ರಸ್ತೆಯಲ್ಲೇ ನಿಲ್ಲಬೇಕು. ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಮ್ಮ ಹುಡುಗರ ಕಬಡ್ಡಿ ತಂಡಕ್ಕೂ ಹುಡುಗಿಯರ ಖೋ ಖೋ ತಂಡಕ್ಕೂ ಕೆಲವು ವರ್ಷಗಳಿಂದ ಇಲ್ಲೇ ಜೆರ್ಸಿ ಮಾಡಿಸುತ್ತಿದ್ದೇನೆ.

ಮೊದಲು ಬಟ್ಟೆಯ ವಿಷಯ. ಇಲ್ಲಿ ಹೆಸರು, ನಂಬರನ್ನು ಸ್ಟಿಕರ್ ತರಹ ಅಂಟಿಸುವುದಿಲ್ಲ. ಪೂರ್ತಿ ಸಬ್ಲಿಮೇಷನ್ ಕೆಲಸ. ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದು, ಪಾಲಿಸ್ಟರ್ ಬಟ್ಟೆಯ ಮೇಲಿಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಶಾಯಿ ಆವಿಯಾಗಿ ನೂಲಿನೊಳಗೇ ಹೋಗಿ ಕೂರುತ್ತದೆ. ಅದಕ್ಕೇ ಒಗೆದರೂ ಸುಲಿಯುವುದಿಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯಲ್ಲ, ಕೇಳಬೇಡಿ. ನಮ್ಮ ತಾಲ್ಲೂಕು ಮಟ್ಟದ ಆಟಗಳು ಮಳೆಗಾಲದಲ್ಲೇ ನಡೆಯುತ್ತವೆ. ಮಕ್ಕಳು ಕೆಸರಲ್ಲಿ ಬಿದ್ದು ಎದ್ದು, ರಾತ್ರಿ ಒಗೆದು, ಒಲೆ ಹತ್ತಿರ ಹರವಿ, ಬೆಳಿಗ್ಗೆ ಅದನ್ನೇ ಹಾಕಿಕೊಂಡು ಬರಬೇಕು. ಚುಕ್ಕಿ ಚುಕ್ಕಿ ಹೆಣಿಗೆಯ ಈ ‘ಡಾಟ್ ನಿಟ್’ ಪಾಲಿಸ್ಟರ್ ಬಟ್ಟೆ ಅದಕ್ಕೆ ತಡೆದುಕೊಂಡಿದೆ. ಕೆಂಪು ಮಣ್ಣಿನ ಕಲೆ ಮಾತ್ರ ಬಿಳಿ ಜೆರ್ಸಿಯಿಂದ ಹೋಗಲ್ಲ. ಮಲೆನಾಡಿನವರು ಬಿಳಿ ಮಾಡಿಸಲೇಬೇಡಿ.

ದರ ದುಬಾರಿ ಅನಿಸಲಿಲ್ಲ. ನಮಗೆ ರೌಂಡ್ ನೆಕ್ ₹260, ಕಾಲರ್ ಇದ್ದರೆ ₹300, ಚಡ್ಡಿ ಸೇರಿದರೆ ₹420 ಬಿತ್ತು. ಪೂರ್ತಿ ತೋಳಿಗೆ ₹30 ಜಾಸ್ತಿ. ಕನ್ನಡದಲ್ಲಿ ಹೆಸರು ಹಾಕುತ್ತಾರೆ, ಒತ್ತಕ್ಷರ ಮುರಿಯುವುದಿಲ್ಲ. ಬೇರೆ ಕಡೆ ಮಾಡಿಸಿದಾಗ ‘ಪ್ರಜ್ವಲ್’ ಅನ್ನುವ ಹೆಸರು ಮೂರು ತುಂಡಾಗಿ ಬಂದಿತ್ತು.

ಆದರೆ ನಾನು ಇಷ್ಟು ಉದ್ದ ಬರೆಯಲು ಕೂತಿದ್ದು ಬಟ್ಟೆಗಾಗಿ ಅಲ್ಲ.

ಕಬಡ್ಡಿ ತಂಡದ ಹೆಸರಿನ ಪಟ್ಟಿಯನ್ನು ಹುಡುಗರೇ ಕೂತು ಬರೆದು, ಕ್ಯಾಪ್ಟನ್ ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳಿಸಿದ್ದ. ಸಂಜೆ ಅಂಗಡಿಯವರು ನನಗೆ ಫೋನ್ ಮಾಡಿದರು. “ಮಿಸ್, ಏಳನೇ ನಂಬರಿನವನಿಗೆ ‘ಕರಿಯ’ ಅಂತ ಬರೆದಿದ್ದಾರೆ. ಇದು ಅವನೇ ಕೇಳಿದ್ದಾ, ಬೇರೆಯವರು ಬರೆದಿದ್ದಾ? ಮನೆಯಲ್ಲಿ ಕರಿಯಪ್ಪ ಅಂತ ದೇವರ ಹೆಸರಿಟ್ಟಿದ್ದರೆ ಬೇರೆ ಮಾತು. ಒಂದ್ಸಲ ಅವನನ್ನೇ ಕೇಳಿಬಿಡಿ. ಪ್ರೆಸ್ ಆದ ಮೇಲೆ ನನ್ನ ಕೈಲಿ ಅಳಿಸೋಕೆ ಆಗಲ್ಲ.”

ಮರುದಿನ ಹುಡುಗನನ್ನು ಒಬ್ಬನನ್ನೇ ಕರೆದು ಕೇಳಿದೆ. ನಮ್ಮ ತಂಡದ ಒಳ್ಳೆಯ ರೈಡರ್ ಅವನು. ಬೋನಸ್ ಗೆರೆ ಮುಟ್ಟಿ ಬರುವುದರಲ್ಲಿ ಅವನಷ್ಟು ಚುರುಕು ಯಾರೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ನನ್ನ ಹೆಸರೇ ಹಾಕ್ಸಿ ಮಿಸ್” ಅಂದ. ಉಳಿದ ಹುಡುಗರು ಆಶ್ಚರ್ಯಪಟ್ಟರು. “ನಾವು ಪ್ರೀತಿಯಿಂದ ಕರೆಯೋದು ಮಿಸ್, ಅವನೂ ನಗ್ತಾನೆ” ಅಂದರು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಪ್ರೀತಿಯೇ ಇತ್ತು. ಅವನು ನಗುತ್ತಿದ್ದದ್ದೂ ನಿಜ.

ಅವತ್ತು ಅವರಿಗೆ ಡ್ಯಾರೆನ್ ಸ್ಯಾಮಿಯ ವಿಷಯ ಹೇಳಿದೆ. 2012 ಮತ್ತು 2016ರಲ್ಲಿ ವೆಸ್ಟ್ ಇಂಡೀಸ್‌ಗೆ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಐಪಿಎಲ್‌ನಲ್ಲಿ ಹೈದರಾಬಾದ್ ತಂಡಕ್ಕೆ ಆಡುವಾಗ ಅವರನ್ನು ‘ಕಾಲೂ’ ಅಂತ ಕರೆಯುತ್ತಿದ್ದರಂತೆ. ಅದು ಹೊಗಳಿಕೆ ಅಂದುಕೊಂಡು ಅವರೂ ನಗುತ್ತಿದ್ದರು. 2020ರಲ್ಲಿ ಅದರ ಅರ್ಥ ‘ಕರಿಯ’ ಅಂತ ತಿಳಿದಾಗ ಸಿಟ್ಟಾಗಿ ಎಲ್ಲರ ಮುಂದೆ ಹೇಳಿದರು. ಆಮೇಲೆ ಆ ತಂಡದ ಒಬ್ಬರು ಮಾತಾಡಿಸಿ, ಪ್ರೀತಿಯಿಂದಲೇ ಕರೆದದ್ದು ಅಂದರಂತೆ. ನಮ್ಮ ಹುಡುಗರು ಹೇಳಿದ ಮಾತೇ ಅಲ್ವಾ? ಕರೆಯುವವರ ಪ್ರೀತಿ ಒಂದು ಕಡೆ ಇರಲಿ, ಕರೆಸಿಕೊಳ್ಳುವವನನ್ನು ಯಾರಾದರೂ ಕೇಳಿದ್ದಾರಾ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ನಮ್ಮ ಹುಡುಗನ ಬಗ್ಗೆ ಮೊದಲು ಕೇಳಿದ್ದು ಒಬ್ಬ ಅಂಗಡಿಯವರು. ಅದಕ್ಕೆ ಅವರು ಒಂದು ರೂಪಾಯಿಯನ್ನೂ ಜಾಸ್ತಿ ತೆಗೆದುಕೊಳ್ಳಲಿಲ್ಲ.

ಇದು ಅವರ ಪದ್ಧತಿ ಅಂತ ಆಮೇಲೆ ಗೊತ್ತಾಯಿತು. ಕೌಂಟರಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ಜಾತಿ, ಧರ್ಮ, ಮೈಬಣ್ಣ ಹಿಡಿದು ಹಂಗಿಸುವ ಬರಹ ಪ್ರಿಂಟ್ ಮಾಡುವುದಿಲ್ಲ ಅಂತ ಬರೆದಿದ್ದಾರೆ. ಇದರಿಂದ ಕೆಲವು ಆರ್ಡರ್ ಕೈತಪ್ಪಿವೆಯಂತೆ. “ಹೋಗ್ಲಿ ಬಿಡಿ ಮಿಸ್, ಮಷಿನ್ ನಂದು” ಅಂದರು.

ಹಗ್ಗಕ್ಕೆ ನೇತುಹಾಕಿದ ಸ್ಯಾಂಪಲ್ ಜೆರ್ಸಿಗಳನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. 333 ಮತ್ತು 17 ನಂಬರ್ ಈಗಲೂ ಜಾಸ್ತಿ ಹೋಗುತ್ತವಂತೆ. ಗೇಲ್ ಮತ್ತು ಡಿವಿಲಿಯರ್ಸ್ ಅವರ ನಂಬರುಗಳು. ಆರ್‌ಸಿಬಿ 2023ರಲ್ಲಿ ಅವೆರಡನ್ನೂ ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಹೇಳಿತು, ನಮ್ಮ ಅಡಿಕೆ ತೋಟದ ಹುಡುಗರು ಬಿಟ್ಟಿಲ್ಲ. ಒಬ್ಬರು ಜಮೈಕಾದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. 2015ರಲ್ಲಿ ಡಿವಿಲಿಯರ್ಸ್ ತಮ್ಮ 100ನೇ ಟೆಸ್ಟನ್ನು ಬೆಂಗಳೂರಿನಲ್ಲಿ ಭಾರತದ ವಿರುದ್ಧವೇ ಆಡಿದರು. ಆಗಲೂ ಚಿನ್ನಸ್ವಾಮಿಯ ಜನ “ಎಬಿಡಿ, ಎಬಿಡಿ” ಅಂತ ಕೂಗಿದರು. ಇಷ್ಟು ದೊಡ್ಡ ಮನಸ್ಸು ನಮ್ಮವರಿಗೆ ಇದೆ. ಅದು ಎಲ್ಲಿ ಸಣ್ಣದಾಗುತ್ತದೆ ಅನ್ನುವುದೇ ನನಗೆ ಸಂಕಟ.

ಯಾಕೆಂದರೆ ಅದೇ ಹಗ್ಗದಲ್ಲಿ ಸಿರಾಜ್ ಅವರ 73 ಕೂಡ ಇದೆ. ಹೈದರಾಬಾದಿನ ಆಟೋ ಚಾಲಕರ ಮಗ. ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗಲೇ ತಂದೆ ತೀರಿಕೊಂಡರು, ಆದರೂ ಅಲ್ಲೇ ಉಳಿದು ಆಡಿದರು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಬೌಂಡರಿ ಹತ್ತಿರ ನಿಂತಿದ್ದಾಗ ಪ್ರೇಕ್ಷಕರು ಅವರನ್ನು ಬೈದರು. ಸಿರಾಜ್ ಸುಮ್ಮನಿರಲಿಲ್ಲ, ನಾಯಕ ರಹಾನೆಗೆ ಹೇಳಿದರು. ಆಟ ನಿಂತಿತು. ಪೊಲೀಸರು 6 ಜನರನ್ನು ಸ್ಟ್ಯಾಂಡಿನಿಂದ ಹೊರಗೆ ಕಳಿಸಿದರು. ಆವತ್ತು ನಮಗೆಲ್ಲ ಎಷ್ಟು ಸಿಟ್ಟು ಬಂದಿತ್ತು! ಆದರೆ 2007ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಆಟಗಾರ ಆಂಡ್ರ್ಯೂ ಸೈಮಂಡ್ಸ್ ನಮ್ಮ ವಡೋದರ ಮತ್ತು ಮುಂಬೈಗೆ ಬಂದಾಗ ಕೋತಿಯ ಹಾಗೆ ಕೂಗಿ ಅಣಕಿಸಿದವರು ನಮ್ಮದೇ ಪ್ರೇಕ್ಷಕರು. ಮಕ್ಕಳಿಗೆ ಸಿಡ್ನಿ ಕತೆ ಗೊತ್ತು, ಇದು ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು ಅಂತ ನನ್ನ ಹಟ.

ಹುಡುಗಿಯರ ಜೆರ್ಸಿಗೆ ನಾನು ಪೂರ್ತಿ ತೋಳು ಹಾಕಿಸುತ್ತೇನೆ. ಅದಕ್ಕೆ ಕಾರಣ ಆಟವಲ್ಲ. “ಬಿಸಿಲಿಗೆ ಕಪ್ಪಾಗ್ತಾಳೆ ಮಿಸ್, ನಾಳೆ ಮದುವೆ ಮಾಡಬೇಕಲ್ಲ” ಅಂತ ತಾಯಂದಿರು ಹೇಳುತ್ತಾರೆ. ಎಂಟನೇ ಕ್ಲಾಸಿನಲ್ಲಿ ಚೆನ್ನಾಗಿ ಓಡುವ ಹುಡುಗಿ ಹತ್ತನೇ ಕ್ಲಾಸಿಗೆ ಮೈದಾನಕ್ಕೇ ಬರುವುದಿಲ್ಲ. ತೋಳು ಉದ್ದ ಮಾಡಿದರೆ ಒಂದಿಬ್ಬರಾದರೂ ಉಳಿಯುತ್ತಾರೆ, ಅದಕ್ಕೇ ₹30 ಕೊಡುತ್ತೇನೆ. ಭಾರತಕ್ಕೆ ಟೆಸ್ಟ್ ಆಡಿದ ಅಭಿನವ್ ಮುಕುಂದ್ 2017ರಲ್ಲಿ ಇದರ ಬಗ್ಗೆ ಬರೆದಿದ್ದರು. ಚಿಕ್ಕಂದಿನಿಂದ ತಮ್ಮ ಬಣ್ಣದ ಬಗ್ಗೆ ಜನ ಆಡುವ ಮಾತು ಕೇಳಿದ್ದೇನೆ, ದಿನವಿಡೀ ಬಿಸಿಲಲ್ಲಿ ಆಡಿ ಕಪ್ಪಾದೆ, ಅದಕ್ಕೆ ಬೇಸರವಿಲ್ಲ ಅಂತ. ಇದನ್ನು ನಾನು ಪೋಷಕರ ಸಭೆಯಲ್ಲಿ ಹೇಳುತ್ತೇನೆ. ಅಮ್ಮಂದಿರು ತಲೆ ಆಡಿಸುತ್ತಾರೆ, ಮತ್ತೆ ಪೂರ್ತಿ ತೋಳನ್ನೇ ಕೇಳುತ್ತಾರೆ.

ಅಂಗಡಿಯಲ್ಲಿ ನನಗೆ ತುಂಬ ಇಷ್ಟವಾದ ಸ್ಯಾಂಪಲ್ ಒಂದು ಹಸಿರು ಜೆರ್ಸಿ. ಯಲ್ಲಾಪುರ ಕಡೆಯ ಸಿದ್ದಿ ಹುಡುಗರ ವಾಲಿಬಾಲ್ ತಂಡದ್ದು. ಹೆಸರುಗಳೆಲ್ಲ ಕನ್ನಡದಲ್ಲಿವೆ. ಅದನ್ನು ನೋಡಿದಾಗ ರಾಜ್ಯಮಟ್ಟದ ಒಂದು ಶಾಲಾ ಕ್ರೀಡಾಕೂಟ ನೆನಪಾಯಿತು. ಸಿದ್ದಿ ಹುಡುಗಿಯೊಬ್ಬಳು 400 ಮೀಟರ್ ಓಡುವಾಗ ಸುತ್ತ ನಿಂತ ಮಕ್ಕಳು “ಆಫ್ರಿಕಾ, ಆಫ್ರಿಕಾ” ಅಂತ ಕೂಗುತ್ತಿದ್ದರು. ಓಡಿ ಬಂದವಳು ಅಚ್ಚ ಕನ್ನಡದಲ್ಲಿ ನೀರು ಕೇಳಿದಳು. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳ ಜನ ಗುಲಾಮರಾಗಿ ಬಂದವರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚು ಅವರ ಊರು.

ಪಕ್ಕದಲ್ಲಿದ್ದ ಬೇರೆ ಶಾಲೆಯ ಶಿಕ್ಷಕರೊಬ್ಬರು “ಅವರಿಗೆ ರಕ್ತದಲ್ಲೇ ಓಟ ಇರುತ್ತೆ ಬಿಡಿ” ಅಂದರು. ಹೊಗಳಿಕೆ ಅಂತಲೇ ಹೇಳಿದ್ದು. ನನಗೆ ಅದು ಕೂಗಿಗಿಂತ ಜಾಸ್ತಿ ಚುಚ್ಚಿತು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೂ ಇದೇ ಲೆಕ್ಕದಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥವರು ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಬಂದರು. ಕೆಲವೇ ವರ್ಷಕ್ಕೆ ಆ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ರಕ್ತದಲ್ಲೇ ಓಟ ಇದ್ದಿದ್ದರೆ ತರಬೇತಿ ನಿಂತ ಮೇಲೂ ಪದಕ ಬರುತ್ತಲೇ ಇರಬೇಕಿತ್ತು. ಮಕ್ಕಳಿಗೆ ಬೇಕಾದದ್ದು ಟ್ರ್ಯಾಕ್, ಊಟ, ಶೂ, ಕೈ ಬಿಡದ ಕೋಚ್. ಬಣ್ಣ ನೋಡಿ ಪ್ರತಿಭೆ ಹುಡುಕಿದರೆ ಆ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ಓಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಗಡಿಯವರೊಂದಿಗೆ ನನಗೆ ಒಂದು ವಿಷಯದಲ್ಲಿ ಮಾತ್ರ ಒಪ್ಪಿಗೆ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅವರಿಗೆ ದೊಡ್ಡ ಗಿರಾಕಿ ಅಂದರೆ ಸಮುದಾಯದ ಕಪ್‌ಗಳು. ಒಂದೇ ಜಾತಿಯವರು ಮಾತ್ರ ಆಡುವ ಟೆನಿಸ್ ಬಾಲ್ ಟೂರ್ನಮೆಂಟುಗಳು. “ಬೈಗುಳ ಏನಿಲ್ಲವಲ್ಲ ಮಿಸ್, ಅವರವರ ಸಂತೋಷ” ಅನ್ನುತ್ತಾರೆ. ಅವರ ಹೊಟ್ಟೆಪಾಡೂ ಇದೆ, ಒಪ್ಪುತ್ತೇನೆ. ಆದರೆ ಒಂದೇ ತರಗತಿಯಲ್ಲಿ ಓದಿ, ಒಂದೇ ತಂಡದಲ್ಲಿ ಆಡಿದ ನನ್ನ ಹುಡುಗರು ಶಾಲೆ ಬಿಟ್ಟ ಮೇಲೆ ಬೇರೆ ಬೇರೆ ಕಪ್‌ಗಳಿಗೆ ಹಂಚಿಹೋಗುವುದನ್ನು ನೋಡುತ್ತೇನೆ. ಒಬ್ಬನಿಗೆ ಆಡಲು ಯಾವ ಕಪ್‌ನಲ್ಲೂ ಜಾಗ ಇರುವುದಿಲ್ಲ. ಹಿಂದೆ ಮುಂಬೈಯಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಅಂತ ತಂಡ ಮಾಡಿ ಕ್ರಿಕೆಟ್ ಆಡುತ್ತಿದ್ದರು. ಆ ಹಿಂದೂ ತಂಡಕ್ಕೆ ಬೌಲಿಂಗ್ ಮಾಡುತ್ತಿದ್ದವರು 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ. ದಲಿತರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಆಡುತ್ತಿದ್ದ ಕಾಲದಲ್ಲಿ ಮೈದಾನದೊಳಗೆ ಅವರ ಚೆಂಡು ಎಲ್ಲರಿಗೂ ಬೇಕಿತ್ತು, ಚಹಾ ಮಾತ್ರ ಪೆವಿಲಿಯನ್ ಹೊರಗೆ ಮಣ್ಣಿನ ಲೋಟದಲ್ಲಿ. ತಂಡದ ನಾಯಕತ್ವವನ್ನು ಅವರಿಗೆ ಕೊಡಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಅದು ಸಿಕ್ಕಿತು.

ಇದು ಹಳೆಯ ಕಾಲದ ಮಾತು ಅನ್ನುವವರಿಗೆ ಹಾಕಿ ಆಟಗಾರ್ತಿ ವಂದನಾ ಕಟಾರಿಯಾ ಅವರನ್ನು ನೆನಪಿಸುತ್ತೇನೆ. 2021ರ ಟೋಕಿಯೊದಲ್ಲಿ ಹ್ಯಾಟ್ರಿಕ್ ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ ಮಹಿಳೆಯಾದರು. ಕೆಲವೇ ದಿನಕ್ಕೆ ಅರ್ಜೆಂಟೀನಾ ವಿರುದ್ಧ ಸೆಮಿಫೈನಲ್ ಸೋತಾಗ ಹರಿದ್ವಾರ ಹತ್ತಿರದ ಅವರ ಮನೆ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ನಮ್ಮ ಖೋ ಖೋ ಹುಡುಗಿಯೊಬ್ಬಳು ತನ್ನ ಅಭ್ಯಾಸದ ಟೀ ಶರ್ಟಿಗೆ ‘ವಂದನಾ’ ಅಂತ ಹಾಕಿಸಿಕೊಂಡಿದ್ದಾಳೆ. ಅಂಗಡಿಯವರು ಅದಕ್ಕೂ ಫೋನ್ ಮಾಡಿದ್ದರು. “ಹೆಸರು ಬೇರೆ ಇದೆಯಲ್ಲ ಮಿಸ್, ತಪ್ಪಾಗಿದೆಯಾ?” ಅಂತ. ತಪ್ಪಲ್ಲ, ಹಾಕಿ ಅಂದೆ.

ಕೊರತೆಗಳನ್ನೂ ಹೇಳಬೇಕು. ಹುಡುಗಿಯರ ಅಳತೆಗೆ ಬೇರೆ ಕಟಿಂಗ್ ಇಲ್ಲ, ಹುಡುಗರದ್ದೇ ಚಿಕ್ಕ ಸೈಜ್ ಕೊಡುತ್ತಾರೆ. ಭುಜ ಸಡಿಲ, ಸೊಂಟದ ಹತ್ತಿರ ಬಿಗಿ. ಖೋ ಖೋದಲ್ಲಿ ಕೂತು ಏಳುವವರಿಗೆ ಇದು ನಿಜವಾಗಿಯೂ ತೊಂದರೆ. ಹೇಳಿದ್ದೇನೆ, ಮಾಡಿಸುತ್ತೇನೆ ಅಂದಿದ್ದಾರೆ, ಇನ್ನೂ ಆಗಿಲ್ಲ. ಸೀಸನ್‌ನಲ್ಲಿ ಹೇಳಿದ ದಿನಕ್ಕೆ ಸಿಗುವುದಿಲ್ಲ. ಕರೆಂಟ್ ಹೋದರೆ ಪ್ರೆಸ್ ನಿಲ್ಲುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ.

ಆರ್ಡರ್ ಕೊಡುವವರು ಟೂರ್ನಮೆಂಟಿಗೆ ಮೂರು ವಾರ ಮೊದಲೇ ಕೊಡಿ. ಹುಡುಗಿಯರಿಗೆ ಒಂದು ಸೈಜ್ ದೊಡ್ಡದು ಹೇಳಿ. ಹೆಸರಿನ ಪಟ್ಟಿಯನ್ನು ಪ್ರತಿ ಆಟಗಾರರಿಂದಲೇ ಬರೆಸಿ ಕಳಿಸಿ, ಅಂಗಡಿಯವರ ಫೋನ್ ಕರೆಗಳು ಅರ್ಧ ಉಳಿಯುತ್ತವೆ. ಅರ್ಧ ಹಣ ಮುಂಗಡ, ಫೋನ್‌ಪೇ ನಡೆಯುತ್ತದೆ. ಹಳ್ಳಿಯವರು ಮತ್ತೆ ಶಿವಮೊಗ್ಗಕ್ಕೆ ಬರಬೇಕಿಲ್ಲ. ನಿಮ್ಮ ಊರಿನ ಬಸ್ಸಿನ ಹೆಸರು, ಹೊರಡುವ ಹೊತ್ತು ಹೇಳಿದರೆ ಕಂಡಕ್ಟರ್ ಕೈಲಿ ಪಾರ್ಸೆಲ್ ಕೊಟ್ಟು ಕಳಿಸುತ್ತಾರೆ.