ರಾಜಪ್ರತಿನಿಧಿಯ ಅಧ್ಯಯನ: ಕೆನಡಾವೋ, ಆಸ್ಟ್ರೇಲಿಯಾವೋ?

ರಾಜ್ಯಶಾಸ್ತ್ರದ ಪ್ರಬಂಧಕ್ಕೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವರಿಗೆ ಮೇಲ್ನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡೂ ದೇಶಗಳ ದೊರೆ ಮೂರನೇ ಚಾರ್ಲ್ಸ್. ಆಯಾ ದೇಶದ ಪ್ರಧಾನಿಯ ಸಲಹೆಯಂತೆ ತಮ್ಮ ಪ್ರತಿನಿಧಿಯಾದ ಗವರ್ನರ್ ಜನರಲ್‌ರನ್ನು ನೇಮಿಸುವವರೂ ಅವರೇ.

ದಾರಿ ಕವಲೊಡೆಯುವುದು ಒಂದು ಮೆಟ್ಟಿಲು ಕೆಳಗೆ. ಕೆನಡಾದ ಹತ್ತು ಪ್ರಾಂತ್ಯಗಳಲ್ಲಿ ದೊರೆಯ ಪ್ರತಿನಿಧಿಗಳಾದ ಲೆಫ್ಟಿನೆಂಟ್ ಗವರ್ನರ್‌ಗಳನ್ನು ಕೇಂದ್ರ ಸರ್ಕಾರವೇ ಆರಿಸುತ್ತದೆ. ನಮ್ಮ ರಾಜ್ಯಪಾಲರ ನೇಮಕ ನೋಡಿದವರಿಗೆ ಇದು ಹೊಸದಲ್ಲ. ಆಸ್ಟ್ರೇಲಿಯಾದ ಆರು ರಾಜ್ಯಗಳಲ್ಲಿ ಹಾಗಲ್ಲ. 1986ರ ಆಸ್ಟ್ರೇಲಿಯಾ ಕಾಯ್ದೆಯ ನಂತರ ಅಲ್ಲಿನ ರಾಜ್ಯ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ತಮ್ಮ ರಾಜ್ಯದ ಗವರ್ನರ್ ನೇಮಕಕ್ಕೆ ನೇರವಾಗಿ ದೊರೆಗೇ ಸಲಹೆ ನೀಡುತ್ತಾರೆ, ನಡುವೆ ಕ್ಯಾನ್‌ಬೆರಾದ ಕೇಂದ್ರ ಸರ್ಕಾರ ಬರುವುದಿಲ್ಲ. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಇದೇ ಹೆಚ್ಚು ಮರ್ಯಾದೆಯ ಏರ್ಪಾಡು ಎಂಬುದು ನನ್ನ ಅಭಿಪ್ರಾಯ.

ಬಿಕ್ಕಟ್ಟಿನ ಕಥೆ ಬೇಕೆಂದರೆ ಆಸ್ಟ್ರೇಲಿಯಾವನ್ನೇ ಹಿಡಿಯಿರಿ. 1975ರ ನವೆಂಬರ್ 11ರಂದು, ಸೆನೆಟ್ ಬಜೆಟ್ ತಡೆಹಿಡಿದಿದ್ದಾಗ, ಗವರ್ನರ್ ಜನರಲ್ ಜಾನ್ ಕೆರ್ ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಾಫ್ ವಿಟ್ಲಮ್‌ರನ್ನೇ ವಜಾ ಮಾಡಿದರು. ಕೆರ್ ಹೆಸರನ್ನು ಶಿಫಾರಸು ಮಾಡಿದ್ದವರು ಇದೇ ವಿಟ್ಲಮ್! ಸಂಸತ್ತಿನ ವಿಸರ್ಜನೆಯ ಘೋಷಣೆಯನ್ನು ಕೆರ್ ಅವರ ಕಾರ್ಯದರ್ಶಿ ಸಂಸತ್ ಭವನದ ಮೆಟ್ಟಿಲ ಮೇಲೆ ಓದುವಾಗ ವಿಟ್ಲಮ್ ಆ ಕಾರ್ಯದರ್ಶಿಯ ಬೆನ್ನ ಹಿಂದೆಯೇ ನಿಂತಿದ್ದರು. ಬ್ರಿಟನ್ನಿನ ಅರಮನೆಯೊಂದಿಗೆ ಕೆರ್ ನಡೆಸಿದ ಪತ್ರವ್ಯವಹಾರ 2020ರಲ್ಲಿ ಬಯಲಾಗಿದೆ, ಆಕರಗಳಿಗೆ ಬರವಿಲ್ಲ.

ಕೆನಡಾದಲ್ಲಿ 1926ರಲ್ಲಿ ಗವರ್ನರ್ ಜನರಲ್ ಲಾರ್ಡ್ ಬಿಂಗ್, ಪ್ರಧಾನಿ ಕೇಳಿದ ಚುನಾವಣೆಯನ್ನು ನಿರಾಕರಿಸಿದ ಪ್ರಕರಣವಿದೆ. ಆದರೆ ಭಾರತದ ರಾಜ್ಯಪಾಲರೊಂದಿಗೆ ಹೋಲಿಸುವ ಉದ್ದೇಶವಿದ್ದರಷ್ಟೇ ಕೆನಡಾ ಆರಿಸಿ.